ಬಿಟ್ಟ ಗೆರೆಗಳ ಲೆಕ್ಕ

ಪೆನ್ಸಿಲಿನಲ್ಲಿ ಬೇಗನೆ, ಸುಲಭವಾಗಿ ಸ್ಕೆಚ್ ಮಾಡುವುದನ್ನು ಕಲಿಸುವ ಪುಸ್ತಕಗಳನ್ನು ಎರಡು ವರ್ಷಗಳಿಂದ ಓದುತ್ತಿದ್ದೇನೆ. ಓದುತ್ತಲೇ ಗೀಚುತ್ತಲೂ ಇದ್ದೇನೆ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಈ ಚಟ ಏಕೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಕಾರಣ ಸಾಹಿತ್ಯದ್ದೇ. ಚಿತ್ರ ಕಲಿಸುವ ಪುಸ್ತಕವೂ ಒಂದು ಗದ್ಯಪ್ರಕಾರ. ನೋಡುವುದೆಂದರೇನು, ಕಂಡದ್ದರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಕೈಬಿಡಬೇಕು ಎಂದು ಅದು ನೇರವಾಗಿ ಹೇಳಲೇಬೇಕು. ಕಾವ್ಯಮೀಮಾಂಸೆಯ ಹಾಗೆ ಸುತ್ತಿ ಬಳಸಿ ಹೇಳಿದರೆ ಓದುಗನ ಕೈ ಕಾಗದದ ಮೇಲೆ ಹಾಗೇ ನಿಂತುಬಿಡುತ್ತದೆ. ಕಥೆ ಬರೆಯುವುದನ್ನು ಕಲಿಸುವ ಪುಸ್ತಕಗಳು ಸುಳ್ಳು ಹೇಳಿ ದಕ್ಕಿಸಿಕೊಳ್ಳಬಹುದು. ಚಿತ್ರದ ಪುಸ್ತಕದ ಸುಳ್ಳು ಹತ್ತು ನಿಮಿಷದೊಳಗೆ ನಮ್ಮದೇ ಹಾಳೆಯ ಮೇಲೆ ಬಯಲಾಗುತ್ತದೆ.

ಈ ಪುಸ್ತಕಗಳ ರಕ್ಷಾಪುಟದಲ್ಲಿ ಎರಡು ಮಾತುಗಳು ಯಾವಾಗಲೂ ಜೋಡಿಯಾಗಿ ಬರುತ್ತವೆ: ಬೇಗ, ಸರಳ. ಬೇಗ ಆಗುವುದೆಲ್ಲ ಸರಳ, ಸರಳವಾದದ್ದೆಲ್ಲ ಬೇಗ ಆಗುತ್ತದೆ ಎಂಬ ಭಾವನೆ ಹುಟ್ಟಿಸುವುದೇ ಉದ್ದೇಶ. ನನ್ನ ತಕರಾರು ಇರುವುದು ಇಲ್ಲಿ. ಈ ಎರಡನ್ನೂ ಪೂರ್ತಿ ಈಡೇರಿಸುವ ಒಂದು ಚಿತ್ರ ನಮ್ಮಲ್ಲಿ ಆಗಲೇ ಇದೆ, ಅದನ್ನು ಕಲಿಯಲು ಯಾವ ಪುಸ್ತಕವೂ ಬೇಕಿಲ್ಲ. ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಗುಡ್ಡದ ಬುಡದಿಂದ ಅಂಕುಡೊಂಕಾಗಿ ಇಳಿಯುವ ಹೊಳೆ, ದಡದಲ್ಲೊಂದು ಗುಡಿಸಲು, ಗುಡಿಸಲಿನ ಪಕ್ಕ ಬಾಗಿದ ತೆಂಗಿನಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ಬಯಲುಸೀಮೆಯ ಶಾಲೆಗೆ ಹೋಗಿ ‘ಒಂದು ಚಿತ್ರ ಬರೆಯಿರಿ’ ಎಂದರೂ ಇದೇ ಬರುತ್ತದೆ, ಕರಾವಳಿಗೆ ಹೋದರೂ ಇದೇ. ರಾಯಚೂರಿನ ಮಗು ಕಿಟಕಿಯಾಚೆ ಕಾಣುವ ಬೋಳು ಬಂಡೆಗಳನ್ನು ಬಿಟ್ಟು, ತಾನೆಂದೂ ಕಾಣದ ಹೊಳೆಯ ದಡದಲ್ಲಿ ತೆಂಗು ನೆಡುತ್ತದೆ. ಎರಡೇ ನಿಮಿಷ, ಇಪ್ಪತ್ತೇ ಗೆರೆ. ಬೇಗವೂ ಹೌದು, ಸರಳವೂ ಹೌದು. ಆದರೆ ಅದರಲ್ಲಿ ನೋಡಿದ್ದು ಏನೂ ಇಲ್ಲ.

ಹಾಗೆಂದು ಸಿದ್ಧ ಮಾದರಿ ಎಂದರೇ ಕೆಡುಕು ಎನ್ನುವಂತಿಲ್ಲ. ‘ಬೇಗ ಕಲಿಯಿರಿ’ ಪುಸ್ತಕಗಳ ವಂಶಾವಳಿಯಲ್ಲಿ ಒಬ್ಬ ಮಹಾಶಯ ಕೂತಿದ್ದಾನೆ, ಜಪಾನಿನ ಹೊಕುಸಾಯ್. 1812ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಆತ ‘ರ್ಯಾಕುಗಾ ಹಯಾ ಒಶಿಯೆ’ ಎಂಬ ಪುಸ್ತಕದ ಮೊದಲ ಭಾಗವನ್ನು ತಂದ. ಹೆಸರಿನ ಅರ್ಥವೇ ಸರಳ ಚಿತ್ರಗಳ ತ್ವರಿತ ಪಾಠ. ಅಂದರೆ ಇಂದಿನ ರಕ್ಷಾಪುಟಗಳ ಘೋಷಣೆಗೆ ಇನ್ನೂರು ವರ್ಷ ದಾಟಿದೆ. ಅದರಲ್ಲಿ ಪ್ರಾಣಿ, ಪಕ್ಷಿ, ಮನುಷ್ಯ ಎಲ್ಲವೂ ಕೈವಾರ ಮತ್ತು ಅಡ್ಡಪಟ್ಟಿಯಿಂದ ಹುಟ್ಟುತ್ತವೆ. ವೃತ್ತಗಳು ಒಂದನ್ನೊಂದು ಕತ್ತರಿಸುತ್ತವೆ, ಕತ್ತರಿಸಿದಲ್ಲಿ ಬೆನ್ನು ಮೂಡುತ್ತದೆ, ಇನ್ನೊಂದು ಕಮಾನು ಹೊಟ್ಟೆಯಾಗುತ್ತದೆ. ಮುಂದಿನ ಭಾಗದಲ್ಲಿ ಆತ ಇನ್ನೂ ತುಂಟನಾಗಿ ಲಿಪಿಯ ಅಕ್ಷರಗಳಿಂದಲೇ ಆಕೃತಿಗಳನ್ನು ಕಟ್ಟುತ್ತಾನೆ. ನಮ್ಮ ಮಕ್ಕಳು 2 ಬರೆದು ಅದಕ್ಕೆ ಕೊಕ್ಕು ಸೇರಿಸಿ ಬಾತುಕೋಳಿ ಮಾಡುವುದಿಲ್ಲವೆ, ಅದರ ಮಹಾಪ್ರಬಂಧ ಎನ್ನಬಹುದು.

ಈ ಪುಸ್ತಕವನ್ನು ಗಂಭೀರವಾಗಿ ತೆಗೆದುಕೊಂಡು ಕೈವಾರ ಹಿಡಿದು ಕೂತರೆ ನಗೆಪಾಟಲಾಗುತ್ತೇವೆ. ಅದರಲ್ಲಿ ಅರ್ಧ ಪಾಠ, ಅರ್ಧ ಲೀಲೆ. ಅದಾದ ಎರಡೇ ವರ್ಷಕ್ಕೆ, 1814ರಲ್ಲಿ, ‘ಹೊಕುಸಾಯ್ ಮಂಗಾ’ದ ಮೊದಲ ಸಂಪುಟ ಬಂತು, ಒಟ್ಟು 15 ಸಂಪುಟ, ಕೊನೆಯದು ಆತ ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ, 1878ರಲ್ಲಿ. ಅಲ್ಲಿ ಸ್ನಾನ ಮಾಡುವವರು, ಕುಸ್ತಿಯವರು, ಗಾಳಿಗೆ ಛತ್ರಿ ಹಿಡಿಯಲಾಗದೆ ಒದ್ದಾಡುವವರು, ತೂಕಡಿಸುವವರು, ಹೊರೆ ಹೊತ್ತವರು ಪುಟ ಪುಟದಲ್ಲಿ ಕಿಕ್ಕಿರಿದಿದ್ದಾರೆ. ಕೈವಾರದ ಪುಸ್ತಕ ಬರೆದವನೇ ಇವರನ್ನೂ ಬರೆದ. ಬೆನ್ನು ಒಂದು ಕಮಾನು ಎಂಬುದು ಗೊತ್ತಿದ್ದರಿಂದಲೇ, ಇಂಥ ಹೊರೆಯ ಕೆಳಗೆ ಈ ಬೆನ್ನು ಎಷ್ಟು ಹೆಚ್ಚಿಗೆ ಬಾಗಿದೆ ಎಂಬುದು ಅವನಿಗೆ ಕಾಣಿಸಿತು ಎಂದು ನನ್ನ ಓದು.

ಮಾದರಿಯ ಮಾತು ಬಂದಾಗ ರಂಗೋಲಿಯನ್ನು ಮರೆಯಬಾರದು. ಕರ್ನಾಟಕದಲ್ಲಿ ದಿನವೂ ತಪ್ಪದೆ ಚಿತ್ರ ಬರೆಯುವವರು ಯಾರು ಎಂದು ಎಣಿಸಿದರೆ ಕಲಾಶಾಲೆಯವರು ಎಲ್ಲೋ ಹಿಂದೆ ಉಳಿಯುತ್ತಾರೆ. ಬೆಳಗಿನ ಮಬ್ಬಿನಲ್ಲಿ ಬಾಗಿಲ ಮುಂದೆ ಚುಕ್ಕಿಯಿಟ್ಟು, ಎಳೆ ಎಲ್ಲೂ ಕಡಿಯದ ಹಾಗೆ ಎಳೆಯುವ ಹೆಂಗಸಿನ ಕೈಯಲ್ಲಿರುವ ಆತ್ಮವಿಶ್ವಾಸ ನನ್ನ ಪೆನ್ಸಿಲಿಗೆ ಇನ್ನೂ ಬಂದಿಲ್ಲ. ಅದು ಪೂರ್ತಿ ಮಾದರಿಯೇ. ಆದರೆ ರಂಗೋಲಿ ಯಾವುದನ್ನೋ ನೋಡಿ ಬರೆದೆ ಎಂದು ಹೇಳಿಕೊಳ್ಳುವುದಿಲ್ಲ. ಗುಡ್ಡ-ಸೂರ್ಯ-ಗುಡಿಸಲಿನ ಚಿತ್ರ ಹೇಳಿಕೊಳ್ಳುತ್ತದೆ. ‘ನಮ್ಮ ಊರು’ ಎಂದು ಕೆಳಗೆ ಹೆಸರನ್ನೂ ಬರೆದುಕೊಳ್ಳುತ್ತದೆ.

ಬೇಗ ಎಂಬ ಮಾತನ್ನೇ ಸಹಿಸದವನು ಜಾನ್ ರಸ್ಕಿನ್. ಲಂಡನ್ನಿನ ವರ್ಕಿಂಗ್ ಮೆನ್ಸ್ ಕಾಲೇಜಿನಲ್ಲಿ ದುಡಿಯುವ ಜನರಿಗೆ ಚಿತ್ರ ಕಲಿಸಿದ ಅನುಭವದ ಬೆನ್ನಲ್ಲೇ, 1857ರಲ್ಲಿ, ಆತ ‘ದಿ ಎಲಿಮೆಂಟ್ಸ್ ಆಫ್ ಡ್ರಾಯಿಂಗ್’ ಪ್ರಕಟಿಸಿದ. ಹೊಸಬರಿಗೆ ಬರೆದ ಮೂರು ಪತ್ರಗಳ ರೂಪದ ಪುಸ್ತಕ. ಮೊದಲ ಅಭ್ಯಾಸದಲ್ಲಿ ಪೆನ್ಸಿಲನ್ನು ಕೈಗೇ ಕೊಡುವುದಿಲ್ಲ. ಲೋಹದ ನಿಬ್ಬು, ಶಾಯಿ, ಒಂದು ಪುಟ್ಟ ಚೌಕ. ಆ ಚೌಕವನ್ನು ಅಡ್ಡಡ್ಡ ಗೆರೆಗಳಿಂದ, ಎಲ್ಲೂ ಕಲೆ ಕಾಣದಂತೆ, ಸಮನಾಗಿ ಮಬ್ಬು ಮಾಡಬೇಕು. ಅಷ್ಟೇ. ಮರವಿಲ್ಲ, ಮುಖವಿಲ್ಲ. ಆಮೇಲೆ ಒಂದು ಕಲ್ಲು. ದಾರಿಯಲ್ಲಿ ಸಿಕ್ಕ ಸಾಧಾರಣ ದುಂಡು ಕಲ್ಲನ್ನು ಸರಿಯಾಗಿ ಬರೆಯಬಲ್ಲವನಿಗೆ ಚಿತ್ರಕಲೆಯಲ್ಲಿ ಕೈಗೆ ಎಟುಕದ್ದು ಏನೂ ಇರುವುದಿಲ್ಲ ಎಂಬುದು ಅವನ ನಂಬಿಕೆ. ಕಣ್ಣು ಮಗುವಿನ ಕಣ್ಣಿನ ಹಾಗೆ ಮುಗ್ಧವಾಗಬೇಕು, ‘ಇದು ಕಲ್ಲು’ ಎಂಬ ತಿಳಿವಳಿಕೆಯನ್ನು ಬದಿಗಿಟ್ಟು ಬರೀ ಬಣ್ಣದ ಕಲೆಗಳನ್ನಾಗಿ ಕಾಣಬೇಕು ಎನ್ನುತ್ತಾನೆ.

ರಸ್ಕಿನ್‌ನ ಗದ್ಯ ಉಪದೇಶದ ಗದ್ಯ, ಒಂದೇ ಗುಕ್ಕಿನಲ್ಲಿ ಓದಿದರೆ ಉಸಿರುಗಟ್ಟುತ್ತದೆ. ಆದರೂ ಅದೇ ಪುಸ್ತಕದಲ್ಲಿ, ಬೇಗ ಚಿತ್ರಿಸುವವರಿಗೆ ಬೇಕಾದ ಅತ್ಯುತ್ತಮ ಸೂಚನೆಯೂ ಇದೆ. ಮರ, ಬೆಟ್ಟ, ಅಲೆ, ಮೋಡ ಏನೇ ಇರಲಿ, ಅದರ ಪ್ರಧಾನ ರೇಖೆಗಳನ್ನು ಮೊದಲು ಹಿಡಿಯಬೇಕು ಎನ್ನುತ್ತಾನೆ. ಪ್ರಧಾನ ಎಂದರೆ ದೊಡ್ಡ ಗೆರೆ ಎಂದಲ್ಲ. ಆ ವಸ್ತುವಿನ ಹಿಂದಿನ ಕಥೆಯನ್ನೂ ಈಗಿನ ಚಲನೆಯನ್ನೂ ಮುಂದಿನ ಗತಿಯನ್ನೂ ಹೊತ್ತಿರುವ ಗೆರೆ. ಬಂಡೆಯೊಂದು ಅಡ್ಡ ಬಂದದ್ದಕ್ಕೆ ಬೇರು ಹೇಗೆ ತಿರುಗಿತು, ಬಿಸಿಲು ಹುಡುಕಿ ಕೊಂಬೆ ಯಾವ ಕಡೆ ಹೋಯಿತು, ಅದು. ಇದನ್ನು ಓದಿದ ಮೇಲೆ ನಮ್ಮ ಬೀದಿಯ ಹೊಂಗೆ ಮರಗಳನ್ನು ಮತ್ತೆ ನೋಡಿದೆ. ವಿದ್ಯುತ್ ತಂತಿಗೆ ತಾಗದಿರಲೆಂದು ವರ್ಷ ವರ್ಷವೂ ಒಂದೇ ಬದಿಯಲ್ಲಿ ಕಡಿಸಿಕೊಂಡು, ಆ ಮರಗಳೆಲ್ಲ ರಸ್ತೆಯಿಂದ ಮುಖ ತಿರುಗಿಸಿ ಕಾಂಪೌಂಡಿನ ಒಳಕ್ಕೆ ವಾಲಿವೆ. ಎರಡು ಗೆರೆಯಲ್ಲಿ ಮೂವತ್ತು ವರ್ಷದ ಕಥೆ. ಎಲೆ ಒಂದೂ ಬರೆಯಬೇಕಿಲ್ಲ.

ಮುಗ್ಧ ಕಣ್ಣಿನ ವಾದಕ್ಕೆ ಪೆಟ್ಟು ಕೊಟ್ಟದ್ದು ಗೊಂಬ್ರಿಕ್, 1960ರ ‘ಆರ್ಟ್ ಅಂಡ್ ಇಲ್ಯೂಷನ್’ನಲ್ಲಿ. ಮುಗ್ಧ ಕಣ್ಣು ಎಂಬುದೇ ಇಲ್ಲ, ಎಲ್ಲ ಕಲಾವಿದರೂ ತಮಗೆ ಗೊತ್ತಿರುವ ಒಂದು ಮಾದರಿಯಿಂದಲೇ ಶುರು ಮಾಡುತ್ತಾರೆ, ಆಮೇಲೆ ಎದುರಿನದ್ದಕ್ಕೆ ಹೋಲಿಸಿ ತಿದ್ದುತ್ತಾ ಹೋಗುತ್ತಾರೆ ಎಂಬುದು ಅವನ ವಾದದ ತಿರುಳು. ಈ ವಾದದಿಂದ ನನ್ನ ಗೋಜಲು ಬಹಳ ಮಟ್ಟಿಗೆ ಬಿಡಿಸಿಕೊಂಡಿತು. ಹೊಕುಸಾಯ್‌ನ ವೃತ್ತ ಒಂದು ಮಾದರಿ, ಮಗುವಿನ ತೆಂಗಿನಮರವೂ ಒಂದು ಮಾದರಿ. ವ್ಯತ್ಯಾಸ ಇರುವುದು ಮುಂದಿನ ಹೆಜ್ಜೆಯಲ್ಲಿ. ಒಂದು ತಿದ್ದಿಸಿಕೊಳ್ಳಲು ತಯಾರಾಗಿದೆ, ಇನ್ನೊಂದು ತಾನೇ ಅಂತಿಮ ಎಂದುಕೊಂಡಿದೆ. ಹಾಗಾದರೆ ಬೇಗನೆ ಮಾಡಿದ ಸ್ಕೆಚ್ಚಿನ ಬೆಲೆಯನ್ನು ನಿಮಿಷಗಳಲ್ಲಿ ಅಳೆಯುವುದಕ್ಕಿಂತ, ಅದರಲ್ಲಿ ಎದುರಿಗಿರುವುದು ಮಾದರಿಯನ್ನು ಎಷ್ಟು ಕಡೆ ಸೋಲಿಸಿದೆ ಎಂದು ನೋಡುವುದು ಮೇಲು. ಒಂದೇ ಕಡೆ ಸೋಲಿಸಿದ್ದರೂ ಸಾಕು. ಹತ್ತು ಗೆರೆಯಲ್ಲಿ ಒಂಬತ್ತು ರೂಢಿಯವು, ಹತ್ತನೆಯದು ಈ ಮನುಷ್ಯನದೇ, ಈ ಹೊತ್ತಿನದೇ ಆಗಿದ್ದರೆ ಆ ಸ್ಕೆಚ್ ಗೆದ್ದಂತೆ.

ಇನ್ನು ಉಪಕರಣದ ಬಗ್ಗೆ ಎರಡು ಮಾತು. ಕನ್ನಡದಲ್ಲಿ ಪೆನ್ಸಿಲಿಗೆ ಸೀಸದ ಕಡ್ಡಿ ಎನ್ನುತ್ತೇವೆ. ಅದರಲ್ಲಿ ಸೀಸ ಇಲ್ಲವೇ ಇಲ್ಲ. ಇಂಗ್ಲೆಂಡಿನ ಬಾರೋಡೇಲ್ ಕಣಿವೆಯಲ್ಲಿ ಹದಿನಾರನೆಯ ಶತಮಾನದಲ್ಲಿ ಸಿಕ್ಕ ಶುದ್ಧ ಗ್ರಾಫೈಟನ್ನು ಜನ ಒಂದು ಬಗೆಯ ಕಪ್ಪು ಸೀಸ ಎಂದುಕೊಂಡರು, ಆ ಹೆಸರು ಭಾಷೆಯಿಂದ ಭಾಷೆಗೆ ದಾಟಿ ನಮ್ಮವರೆಗೂ ಬಂತು. ಇಂಗ್ಲೆಂಡಿನೊಡನೆ ಯುದ್ಧದಲ್ಲಿದ್ದ ಫ್ರಾನ್ಸಿಗೆ ಆ ಗ್ರಾಫೈಟ್ ಬರುವುದು ನಿಂತಾಗ, 1795ರಲ್ಲಿ, ನಿಕೊಲಾ ಜಾಕ್ ಕಾಂಟೆ ಎಂಬುವನು ಗ್ರಾಫೈಟಿನ ಪುಡಿಗೆ ಜೇಡಿಮಣ್ಣು ಬೆರೆಸಿ ಸುಟ್ಟು ಕಡ್ಡಿ ಮಾಡುವ ಉಪಾಯ ಕಂಡುಹಿಡಿದ. ಮಣ್ಣು ಹೆಚ್ಚಾದರೆ ಗಟ್ಟಿ, ಗೆರೆ ತೆಳು. ಕಡಿಮೆಯಾದರೆ ಮೆದು, ಗೆರೆ ಕಪ್ಪು. ಇವತ್ತು ಪೆನ್ಸಿಲಿನ ತುದಿಯಲ್ಲಿ ಕಾಣುವ ಎಚ್, ಬಿ ಅಕ್ಷರಗಳ ಹಿಂದಿರುವುದು ಈ ಬೆರಕೆಯ ಹದ. ಬೇಗ ಸ್ಕೆಚ್ ಮಾಡುವವರಿಗೆ ಸಾಮಾನ್ಯವಾಗಿ 2ಬಿ ಅಥವಾ 4ಬಿ ಹೇಳುತ್ತಾರೆ, ಅದು ಸರಿಯೇ. ಗಟ್ಟಿ ಪೆನ್ಸಿಲು ಜ್ಯಾಮಿಟ್ರಿ ಬಾಕ್ಸಿನ ಶಿಸ್ತನ್ನು ಕೈಗೆ ನೆನಪಿಸುತ್ತದೆ. ಮೆದು ಪೆನ್ಸಿಲಿನಲ್ಲಿ ಒತ್ತು ಸ್ವಲ್ಪ ಬದಲಾದರೂ ಗೆರೆಯ ಮೈ ಬದಲಾಗುತ್ತದೆ. ಮೆಂಡರಿಗಿಂತ ಬ್ಲೇಡಿನಲ್ಲಿ ಹೆರೆದರೆ ಮೊನೆ ಉದ್ದ ಸಿಗುತ್ತದೆ. ರಬ್ಬರು ಬೇಡವೇ ಬೇಡ. ರಬ್ಬರು ಕೈಲಿದ್ದರೆ ಗಮನವೆಲ್ಲ ಹಾಳೆಯ ಮೇಲೆ, ಎದುರಿನ ಮನುಷ್ಯ ಎದ್ದು ಹೋಗಿರುತ್ತಾನೆ.

ನಾನು ಓದಿದ ಪಠ್ಯಗಳಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ಕಿಮೊನ್ ನಿಕೊಲೈಡಿಸ್‌ನ ‘ದಿ ನ್ಯಾಚುರಲ್ ವೇ ಟು ಡ್ರಾ’. ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗಿನಲ್ಲಿ ಮೇಷ್ಟರಾಗಿದ್ದ ಆತ 1938ರಲ್ಲಿ ತೀರಿಕೊಂಡ, ಪುಸ್ತಕ 1941ರಲ್ಲಿ ಹೊರಬಂತು. ಶುರುವಿನಲ್ಲೇ ಎರಡು ಅಭ್ಯಾಸಗಳು, ಒಂದಕ್ಕೊಂದು ಪೂರ್ತಿ ವಿರುದ್ಧ. ಮೊದಲನೆಯದು ಅಂಚುಗೆರೆ: ಹಾಳೆಯನ್ನು ನೋಡದೆ, ಪೆನ್ಸಿಲಿನ ಮೊನೆ ಕಾಗದಕ್ಕಲ್ಲ ಎದುರಿನ ದೇಹಕ್ಕೇ ತಾಗಿದೆ ಎಂದು ಭಾವಿಸಿ, ಇರುವೆ ಹರಿದಷ್ಟು ನಿಧಾನವಾಗಿ ಅಂಚಿನುದ್ದಕ್ಕೂ ಸಾಗಬೇಕು. ಎರಡನೆಯದು ಭಂಗಿ: ಒಂದು ನಿಮಿಷ, ಕೆಲವೊಮ್ಮೆ ಇನ್ನೂ ಕಡಿಮೆ ಹೊತ್ತಿನಲ್ಲಿ, ಪೆನ್ಸಿಲ್ ಎತ್ತದೆ, ಅಂಚನ್ನು ಲೆಕ್ಕಿಸದೆ ದೇಹದ ನಡುವಿನಿಂದಲೇ ಗೆರೆಯನ್ನು ಸುತ್ತಿಸುತ್ತಾ, ಆ ದೇಹ ಹೇಗೆ ಕಾಣುತ್ತದೆ ಎಂಬುದನ್ನು ಬಿಟ್ಟು ಏನು ಮಾಡುತ್ತಿದೆ ಎಂಬುದನ್ನು ಹಿಡಿಯಬೇಕು. ಫಲಿತಾಂಶ ನೋಡಲು ದಾರದ ಉಂಡೆ ಬಿಚ್ಚಿ ಬಿದ್ದ ಹಾಗಿರುತ್ತದೆ. ಅಡ್ಡಿಯಿಲ್ಲ ಎನ್ನುತ್ತಾನೆ ಮೇಷ್ಟರು.

ರಕ್ಷಾಪುಟದ ಘೋಷಣೆಗಳ ಸುಳ್ಳು ಇಲ್ಲಿ ಬಯಲಾಗುತ್ತದೆ. ಬೇಗ ಎಂಬುದು ನಿಧಾನದ ಸಂಕ್ಷೇಪವಲ್ಲ. ನಿಧಾನದಿಂದ ಶುರುಮಾಡಿ ವರ್ಷಗಟ್ಟಲೆ ಸಾಧನೆ ಮಾಡಿದರೆ ವೇಗ ಕೈಗೂಡುತ್ತದೆ ಎಂಬುದು ರಸ್ಕಿನ್ ದಾರಿ. ವೇಗವೇ ಸಾಕು ಎಂಬುದು ಅಂಗಡಿಯ ಪುಸ್ತಕಗಳ ದಾರಿ. ನಿಕೊಲೈಡಿಸ್ ಮೊದಲ ದಿನದಿಂದಲೇ ಎರಡನ್ನೂ ಕೊಡುತ್ತಾನೆ, ಏಕೆಂದರೆ ಅವು ಕಲಿಸುವುದು ಬೇರೆ ಬೇರೆ. ನಿಧಾನದ ಗೆರೆ ವಸ್ತುವನ್ನು ಮುಟ್ಟುವುದನ್ನು ಕಲಿಸುತ್ತದೆ, ವೇಗದ ಗೆರೆ ಆಯ್ಕೆಯನ್ನು. ಅವನ ಪುಸ್ತಕದ ಒಂದು ಕೊರತೆಯನ್ನೂ ಹೇಳಬೇಕು. ವಾರಕ್ಕೆ 15 ಗಂಟೆಯ ವೇಳಾಪಟ್ಟಿ ಹಾಕುತ್ತಾನೆ, ಅಲುಗದೆ ನಿಲ್ಲುವ ಮಾಡೆಲ್ ಇದ್ದೇ ಇರುತ್ತಾರೆ ಎಂದುಕೊಳ್ಳುತ್ತಾನೆ. ಕೆಲಸಕ್ಕೆ ಹೋಗುವವರಿಗೆ ಎರಡೂ ದುಬಾರಿ.

ನನಗೆ ಮಾಡೆಲ್ ಸಿಕ್ಕಿದ್ದು ಸಂತೆಯಲ್ಲಿ. ಸೊಪ್ಪು ಮಾರುವವರು ಅಲುಗದೆ ಇರುವುದಿಲ್ಲ, ಆದರೆ ಒಂದೇ ಚಲನೆಗೆ ಮತ್ತೆ ಮತ್ತೆ ಮರಳುತ್ತಾರೆ. ಕಟ್ಟು ಎತ್ತುವುದು, ನೀರು ಚಿಮುಕಿಸುವುದು, ಚಿಲ್ಲರೆಗೆ ಸೊಂಟದ ಚೀಲಕ್ಕೆ ಕೈ ಹಾಕುವುದು. ಮೊದಲ ಸಲ ಬಲಗೈ, ಎರಡನೆಯ ಸಲ ಭುಜ, ಮೂರನೆಯ ಸಲ ಕತ್ತು ಎಂದು ಕಂತಿನಲ್ಲಿ ಬರೆದುಕೊಳ್ಳಬಹುದು. ಹೀಗೆ ಬರೆಯುವಾಗ ಕಂಡದ್ದೆಂದರೆ, ಕೂತು ವ್ಯಾಪಾರ ಮಾಡುವವರು ಗಿರಾಕಿಯ ಮುಖ ನೋಡಲು ಇಡೀ ದಿನ ಕತ್ತು ಮೇಲೆತ್ತಿಕೊಂಡೇ ಇರುತ್ತಾರೆ. ಎಷ್ಟೋ ವರ್ಷದಿಂದ ಅದೇ ಸಂತೆಗೆ ಹೋಗುತ್ತಿದ್ದೇನೆ. ಆ ಎತ್ತಿದ ಕತ್ತುಗಳನ್ನು ನನಗೆ ತೋರಿಸಿದ್ದು ಆರು ಗೆರೆ. ‘ಏನ್ ಸಾರ್, ಲೆಕ್ಕ ಬರ್ಕೊಳ್ತಿದೀರಾ?’ ಎಂದು ಒಬ್ಬಾಕೆ ಕೇಳಿದರು, ಪುರಸಭೆಯವನು ಎಂಬ ಗುಮಾನಿಯಿಂದ. ಹಾಳೆ ತೋರಿಸಿದೆ. ‘ನನ್ ಮೂಗು ಎಲ್ಲಿ?’ ಎಂದರು. ಅದಕ್ಕಿಂತ ನೇರವಾದ ವಿಮರ್ಶೆಯನ್ನು ನಾನು ಈಚೆಗೆ ಕೇಳಿಲ್ಲ.

ಮೂಗಿಲ್ಲದೆಯೂ ಗುರುತು ಸಿಗುವಂತೆ ಬರೆಯುವುದು ಹೇಗೆ ಎಂದು ಆರ್.ಕೆ. ಲಕ್ಷ್ಮಣ್ ಅವರ ಕಾಗೆಗಳನ್ನು ಕೇಳಬೇಕು. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಲಕ್ಷ್ಮಣ್ ಶಾಲೆಯಲ್ಲಿ ಬರೆದ ಅಶ್ವತ್ಥದ ಎಲೆಯನ್ನು ನೋಡಿ, ಮುಂದೆ ನೀನು ಕಲಾವಿದನಾಗುತ್ತೀಯೆ ಎಂದು ಮೇಷ್ಟರು ಹೇಳಿದ್ದು ಪ್ರಸಿದ್ಧ ಕಥೆ. ಅಷ್ಟೇ ಪ್ರಸಿದ್ಧವಾದದ್ದು ಮುಂಬಯಿಯ ಜೆ.ಜೆ. ಕಲಾಶಾಲೆ ಅವರನ್ನು ಸೇರಿಸಿಕೊಳ್ಳಲಿಲ್ಲ ಎಂಬುದು. ಆತ್ಮಕಥೆಯಲ್ಲಿ ಅವರು ತಮ್ಮ ಕೋಣೆಯ ಕಿಟಕಿಯಿಂದ ಕಂಡದ್ದನ್ನೆಲ್ಲ ಬರೆಯುತ್ತಿದ್ದುದನ್ನು ನೆನೆಯುತ್ತಾರೆ: ಒಣಕಡ್ಡಿ, ಎಲೆ, ಸೌದೆ ಒಡೆಯುವ ಆಳು, ಎದುರು ಮನೆಗಳ ಸೂರಿನ ಮೇಲೆ ಬಗೆಬಗೆಯ ಭಂಗಿಯ ಕಾಗೆಗಳು. ಮಹಾರಾಜಾ ಕಾಲೇಜಿನ ದಿನಗಳಲ್ಲಿ ಡಾ. ಶಿವರಾಂ ಅವರ ‘ಕೊರವಂಜಿ’ಗೂ ಬರೆದರು.

ಕಾಗೆಯನ್ನು ಆರಿಸಿಕೊಂಡದ್ದರಲ್ಲೇ ಒಂದು ಪಾಠ ಇದೆ. ಕಾಗೆಯ ಮೈಯೊಳಗೆ ವಿವರವೇ ಇಲ್ಲ, ಎಲ್ಲ ಕಪ್ಪು. ನವಿಲು ಬರೆಯುವವನು ಗರಿಯ ಕಣ್ಣುಗಳಲ್ಲಿ ಕಳೆದುಹೋಗಬಹುದು, ಗಿಣಿ ಬರೆಯುವವನು ಕೊರಳ ಪಟ್ಟಿಯ ಮೊರೆಹೋಗಬಹುದು. ಕಾಗೆಯಲ್ಲಿ ಅಂಥ ಆಸರೆ ಸಿಗುವುದಿಲ್ಲ. ಇರುವುದು ಅಂಚು ಮತ್ತು ಭಾರ ಮಾತ್ರ: ಕತ್ತು ಓರೆಯಾದ ಕೋನ, ಕಾಲು ಊರಿದ ರೀತಿ, ಹಾರಲೋ ಬೇಡವೋ ಎಂಬ ಅನುಮಾನದಲ್ಲಿ ಸ್ವಲ್ಪ ಬಿಚ್ಚಿದ ರೆಕ್ಕೆ. ಲಕ್ಷ್ಮಣರ ಕಾಗೆ ಯಾವಾಗಲೂ ಯಾವುದೋ ಯೋಚನೆಯಲ್ಲಿರುತ್ತದೆ. ಮುಂದೆ ಅವರ ರಾಜಕಾರಣಿಗಳಲ್ಲಿ ಬಂದದ್ದು ಇದೇ ವಿದ್ಯೆ. ವ್ಯಂಗ್ಯಚಿತ್ರ ಎಂದಕೂಡಲೆ ನಾವು ಮೂಗು, ಕಿವಿಗಳ ಉತ್ಪ್ರೇಕ್ಷೆಯ ಮಾತಾಡುತ್ತೇವೆ. ನನಗೆ ಕಾಣುವಂತೆ ಅವರ ಶಕ್ತಿ ಇರುವುದು ಮನುಷ್ಯ ಕುರ್ಚಿಯಲ್ಲಿ ಕೂರುವ ಭಂಗಿಯಲ್ಲಿ.

ವೇಗದ ಪರವಾಗಿ ಇಷ್ಟು ಹೇಳಿದ ಮೇಲೆ ಕೆ. ವೆಂಕಟಪ್ಪನವರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಯ ಊಟಿ, ಕೊಡೈಕೆನಾಲ್ ಜಲವರ್ಣಗಳಲ್ಲಿ ಒಂದೇ ಒಂದು ಅವಸರದ ಗೆರೆ ಇಲ್ಲ. ಮಂಜು ಬೆಟ್ಟವನ್ನು ಬಿಟ್ಟುಕೊಡುವಷ್ಟೇ ನಿಧಾನವಾಗಿ ಬಣ್ಣ ಕಾಗದದ ಮೇಲೆ ಇಳಿದಿದೆ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಅವರೊಂದಿಗೆ ಕಲಿತವರು ನಂದಲಾಲ ಬೋಸ್. ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಅವರ ಪುರಾಣಕಥೆಗಳ ಪುಸ್ತಕಕ್ಕೆ ಇಬ್ಬರೂ ಚಿತ್ರ ಬರೆದರು. ಒಂದೇ ಗುರು, ಒಂದೇ ಕಾಲ, ಆಮೇಲೆ ದಾರಿ ಕವಲೊಡೆಯಿತು. ವೆಂಕಟಪ್ಪ ಮೈಸೂರಿಗೆ ಮರಳಿ, ಶೇಷಣ್ಣನವರ ಬಳಿ ವೀಣೆ ಕಲಿತು, ಒಂಟಿಯಾಗಿ, ಪರಿಪೂರ್ಣತೆಯ ಹಿಂದೆ ಹೋದರು. ನಂದಲಾಲರು ಶಾಂತಿನಿಕೇತನದ ಕಲಾಭವನದಲ್ಲಿ ಮೇಷ್ಟರಾಗಿ ಜೇಬಿನಲ್ಲಿ ಸಣ್ಣ ಕಾರ್ಡುಗಳನ್ನು ಇಟ್ಟುಕೊಂಡೇ ಓಡಾಡಿದರು. ಆಡು, ಸಂತಾಲರ ಗುಡಿಸಲು, ತಾಳೆಮರ, ಹೊರೆ ಹೊತ್ತು ಹೋಗುವ ಹೆಂಗಸು, ಕಂಡದ್ದು ಕಾರ್ಡಿನ ಮೇಲೆ. ಅನೇಕ ಕಾರ್ಡುಗಳು ಅಂಚೆಯಲ್ಲಿ ಶಿಷ್ಯರಿಗೆ, ಗೆಳೆಯರಿಗೆ ಹೋದವು. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಅವರು ಬರೆದ ಚಿತ್ರಫಲಕಗಳಲ್ಲಿ ಡೋಲಿನವನ, ಕುಶಲಕರ್ಮಿಯ, ಅಡುಗೆಯವಳ ಮೈಯನ್ನು ಕೆಲವೇ ದಪ್ಪ ಗೆರೆಗಳು ಹಿಡಿದಿವೆ. ಕಾರ್ಡುಗಳ ಮೇಲೆ ಕಳೆದ ವರ್ಷಗಳಿಲ್ಲದೆ ಆ ಗೆರೆಗಳು ಬರುತ್ತಿರಲಿಲ್ಲ.

ಇವರಿಬ್ಬರಲ್ಲಿ ಯಾರು ಹೆಚ್ಚು ಎಂಬ ಪಂಚಾಯಿತಿ ನನ್ನದಲ್ಲ. ಆದರೆ ಕಲಿಯುವವರಿಗೆ ನಾನು ನಂದಲಾಲರ ಕಾರ್ಡನ್ನೇ ತೋರಿಸುತ್ತೇನೆ. ವೆಂಕಟಪ್ಪನವರ ಬೆಟ್ಟ ಭಕ್ತಿ ಹುಟ್ಟಿಸುತ್ತದೆ, ಪೆನ್ಸಿಲನ್ನು ಕೆಳಗಿಡಿಸುತ್ತದೆ. ಕಾರ್ಡು ಕೈಗೆ ಪೆನ್ಸಿಲು ಕೊಡುತ್ತದೆ.

ಉಡುಪಿ ಸೀಮೆಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರದು ಇನ್ನೊಂದು ಬಗೆ. ಅವರ ರೇಖಾಚಿತ್ರಗಳ ಪುಸ್ತಕದ ಹೆಸರೇ ‘ದಿ ಸಿಂಗಿಂಗ್ ಲೈನ್’, ಹಾಡುವ ಗೆರೆ. ಲಯವನ್ನು ಮೈಯಿಂದ ತಿಳಿಯಲೆಂದು ಅವರು ಕಥಕ್ ಕಲಿತರು. ಅವರ ನರ್ತಕಿಯರಲ್ಲಿ ಒಡವೆ, ಬಟ್ಟೆಗಳೆಲ್ಲ ಹಿಂದೆ ಸರಿದು, ಹಿಮ್ಮಡಿಯಿಂದ ಹೊರಟ ಗೆರೆ ಬೆನ್ನು ಹತ್ತಿ ಬೆರಳ ತುದಿಯಲ್ಲಿ ಮುಗಿಯುತ್ತದೆ. ಒಂದು ಅಪಾಯವೂ ಇಲ್ಲಿದೆ. ಗೆರೆ ಹಾಡತೊಡಗಿದ ಮೇಲೆ ತನ್ನ ದನಿಗೆ ತಾನೇ ಮರುಳಾಗಬಹುದು. ಹೆಬ್ಬಾರರ ಕೆಲವು ಚಿತ್ರಗಳಲ್ಲಿ ಬಳುಕು ಎದುರಿನ ದೇಹದಿಂದ ಬಂದದ್ದೋ, ಕೈಯ ಅಭ್ಯಾಸದಿಂದ ಬಂದದ್ದೋ ಎಂಬ ಅನುಮಾನ ನನಗೆ ಬರುತ್ತದೆ. ಒಳ್ಳೆಯ ಕೈಯೂ ಕಾಲಾನಂತರ ತನ್ನದೇ ತೆಂಗಿನಮರವನ್ನು ಬೆಳೆಸಿಕೊಳ್ಳುತ್ತದೆ.

ಇಲ್ಲಿಂದ ಸಾಹಿತ್ಯಕ್ಕೆ ಒಂದೇ ಹೆಜ್ಜೆ. ಕನ್ನಡ ಗದ್ಯ ಹೊಸದಾಗಿ ಊರು ಕೇರಿಯನ್ನು ನೋಡಲು ಹೊರಟಾಗ ತನ್ನನ್ನು ಚಿತ್ರವೆಂದೇ ಕರೆದುಕೊಂಡಿತು. ಗೊರೂರರದು ‘ಹಳ್ಳಿಯ ಚಿತ್ರಗಳು’, ಕುವೆಂಪು ಅವರದು ‘ಮಲೆನಾಡಿನ ಚಿತ್ರಗಳು’, ಮುಂದೆ ಡಿ.ವಿ.ಜಿ. ಅವರ ಎಂಟು ಸಂಪುಟಗಳ ‘ಜ್ಞಾಪಕ ಚಿತ್ರಶಾಲೆ’. ವ್ಯಕ್ತಿಚಿತ್ರ, ನುಡಿಚಿತ್ರ, ನಖಚಿತ್ರ ಎಂಬ ಮಾತುಗಳೆಲ್ಲ ನಮಗೆ ರೂಢಿಯಾಗಿವೆ. ಅದರಲ್ಲೂ ನಖಚಿತ್ರ ಎಂಬ ಮಾತು ನನಗೆ ಇಷ್ಟ, ಪೆನ್ಸಿಲು ಕೂಡ ಇಲ್ಲದೆ ಉಗುರಿನಲ್ಲೇ ಗೀಚಿದ್ದು ಎಂಬ ಧ್ವನಿ ಅದಕ್ಕಿದೆ. ಡಿ.ವಿ.ಜಿ. ಕಲಾವಿದರನ್ನು, ವೈದಿಕರನ್ನು, ದಿವಾನರನ್ನು ಬರೆಯುವಾಗ ಹುಟ್ಟಿದ ಊರು, ಓದಿದ ಶಾಲೆ, ಪಡೆದ ಪದವಿ ಎಂದು ಅಂಚುಗೆರೆ ಎಳೆದು ಮುಗಿಸುವುದಿಲ್ಲ. ಆ ಮನುಷ್ಯನ ಮಾತಿನ ಧಾಟಿ, ಊಟಕ್ಕೆ ಕೂತ ರೀತಿ, ಒಂದು ಜಗಳ, ಒಂದು ಔದಾರ್ಯ ಹಿಡಿದು ನಿಲ್ಲಿಸುತ್ತಾರೆ. ಗೊರೂರರ ಹಾಸ್ಯ ಕೂಡ ಭಂಗಿಯ ಹಾಸ್ಯ, ಅವರ ಹಳ್ಳಿಯವರು ಏನಾದರೂ ಮಾಡುತ್ತಿರುವಾಗಲೇ ನಮಗೆ ಸಿಗುತ್ತಾರೆ.

ಈಗ ವಾರ ವಾರ ಬರುವ ವ್ಯಕ್ತಿಚಿತ್ರಗಳನ್ನು, ನೆನಪಿನ ಲೇಖನಗಳನ್ನು ಓದಿ. ಅಜ್ಜಿ ಎಂದರೆ ಎಲೆಅಡಿಕೆ, ಮಡಿಲು, ಕಥೆ. ಅಪ್ಪ ಎಂದರೆ ಹಳೆಯ ಸೈಕಲ್ಲು, ಮೌನ, ಹರಿದ ಬನಿಯನ್ನು. ಮೇಷ್ಟರೆಂದರೆ ಬಿಳಿ ಪಂಚೆ, ಕೈಯಲ್ಲಿ ಕೋಲು, ಒಳಗೆ ಕರುಣೆ. ಊರೆಂದರೆ ಮಳೆಯ ಮಣ್ಣಿನ ವಾಸನೆ. ಒಂದೊಂದೂ ಸುಳ್ಳಲ್ಲ. ತೆಂಗಿನಮರವೂ ಸುಳ್ಳಲ್ಲ, ಎಲ್ಲೋ ಇದ್ದೇ ಇದೆ. ಆದರೆ ಈ ಅಜ್ಜಿಯನ್ನು ಆ ಅಜ್ಜಿಯ ಲೇಖನದೊಳಗೆ ಕೂರಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ. ನಾವು ಸತ್ತವರ ಬಗ್ಗೆ ಬರೆಯುವಾಗಲೂ ಹೀಗೇ ಬರೆಯುತ್ತಿದ್ದೇವೆ ಎಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ಆ ಮನುಷ್ಯ ಇನ್ನೊಮ್ಮೆ ಸಿಗುವುದಿಲ್ಲ, ಇರುವ ಒಂದೇ ಹಾಳೆಯಲ್ಲಿ ಗುಡ್ಡ ಸೂರ್ಯ ಬರೆದು ಕೆಳಗೆ ಅವರ ಹೆಸರು ಹಾಕಿಬಿಡುತ್ತೇವೆ.

ಫೋನಿನಲ್ಲಿ ಅವರ ನೂರು ಫೋಟೋ ಇರುತ್ತದೆ, ನಿಜ. ಫೋಟೋ ಏನನ್ನೂ ಬಿಡುವುದಿಲ್ಲ. ಹಿಂದಿನ ಗೋಡೆಯ ಕ್ಯಾಲೆಂಡರು, ಸ್ವಿಚ್ ಬೋರ್ಡು, ಪಕ್ಕದವರ ಅರ್ಧ ಭುಜ ಎಲ್ಲವನ್ನೂ ಮುಖದಷ್ಟೇ ಶ್ರದ್ಧೆಯಿಂದ ಹಿಡಿದಿಡುತ್ತದೆ. ಒಳ್ಳೆಯ ಛಾಯಾಗ್ರಾಹಕರು ಬಿಡಬಲ್ಲರು, ಅದು ಬೇರೆ ಮಾತು. ಪೆನ್ಸಿಲು ಹಿಡಿದವನಿಗೆ ಬಿಡದೆ ಗತಿಯಿಲ್ಲ.

ಈ ವರ್ಷ ಪದವಿ ತರಗತಿಯಲ್ಲಿ ಪ್ರಬಂಧ ಪ್ರಕಾರದ ಪಾಠ ಶುರುಮಾಡುವ ಮೊದಲು ಒಂದು ಪ್ರಯೋಗ ಮಾಡಿದೆ. ಎಲ್ಲರಿಗೂ ಒಂದೊಂದು ಬಿಳಿ ಹಾಳೆ, 2ಬಿ ಪೆನ್ಸಿಲು. ಕಾಲೇಜಿನ ಆವರಣದಲ್ಲಿ ಕೆಲಸದಲ್ಲಿರುವ ಯಾರನ್ನಾದರೂ ಆರಿಸಿಕೊಂಡು, ದೂರದಿಂದ, ಎರಡೆರಡು ನಿಮಿಷದ ಐದು ಸ್ಕೆಚ್ ಮಾಡಬೇಕು; ಆಮೇಲೆ ಹಾಳೆಯನ್ನು ಮಡಿಸಿಟ್ಟು ಐದು ವಾಕ್ಯ ಬರೆಯಬೇಕು. ‘ನಮಗೆ ಡ್ರಾಯಿಂಗ್ ಬರಲ್ಲ ಸಾರ್’ ಎಂಬ ಕೋರಸ್ ಎದ್ದಿತು. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ ಪಾಸು ಮಾಡಿದ್ದ ಒಬ್ಬ ಹುಡುಗ ಮಾತ್ರ ಹುರುಪಿನಿಂದ ಹೊರಟ, ನಾಲ್ಕು ಚೆಂದದ ಮುಖ ಬರೆದುಕೊಂಡು ಬಂದ, ಅವನ ವಾಕ್ಯಗಳಲ್ಲಿ ಪ್ರೇಮಚಂದರ ಕಥೆಯಿಂದ ಎದ್ದು ಬಂದಂಥ ಒಬ್ಬ ಬಡ ಜವಾನ ಇದ್ದ. ಚಿತ್ರವೇ ಬರುವುದಿಲ್ಲ ಎಂದು ಗೋಗರೆದಿದ್ದ ಒಬ್ಬ ಹುಡುಗಿಯ ಹಾಳೆಯಲ್ಲಿ ಐದು ಗೋಜಲು ಗೀಟುಗಳಿದ್ದವು, ಯಾವುದರಲ್ಲೂ ತಲೆ ಇರಲಿಲ್ಲ. ಅವಳು ಆರಿಸಿಕೊಂಡದ್ದು ಗ್ರಂಥಾಲಯದ ಸಹಾಯಕರನ್ನು. ಐದು ವಾಕ್ಯಗಳಲ್ಲಿ ನಾಲ್ಕು ಸಾಧಾರಣ. ಒಂದರಲ್ಲಿ ಹೀಗಿತ್ತು: ಪುಸ್ತಕ ವಾಪಸು ಬಂದಾಗ ಅವರು ಅದನ್ನು ತೆರೆದು ನೋಡುವುದಿಲ್ಲ, ಬೆನ್ನು ಕೆಳಗೆ ಮಾಡಿ ಅಂಗೈ ಮೇಲೆ ಎರಡು ಸಲ ತೂಗುತ್ತಾರೆ, ಒಂದು ಪುಟ ಕಡಿಮೆಯಾಗಿದ್ದರೂ ತಿಳಿಯುತ್ತದೆ ಎನ್ನುವ ಹಾಗೆ.